ನಂಬರು ಹೇಳಿ

“ಬಾಯಲ್ಲಿ ಏನು ಹುಣ್ಣಾಗಿದೆಯೇನೇ? ನಂಬರ್ ಕೇಳೋಕೂ ನಾಚ್ಕೆನಾ ನಿಂಗೆ?”

ಸಾಲಿನಲ್ಲಿ ನಿಂತವರ ಎದುರಿಗೇ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರು ನನ್ನನ್ನು ಬೈದ. ಗಿರಾಕಿಯ ಫೋನ್ ನಂಬರಿಲ್ಲದ ಇನ್ನೊಂದು ಬಿಲ್ಲು ಹಾಕಿದರೆ ನಾಳೆಯಿಂದ ಕೌಂಟರಿಗೆ ಬರಬೇಡ ಎಂದು ಬೆಳಿಗ್ಗೆಯೇ ಹೇಳಿದ್ದ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಮುಂದಿನವಳು ಹಿಂದಿನ ಬೀದಿಯ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು. ಸೋಪು, ಬ್ರೆಡ್ಡು, ಸಕ್ಕರೆ ತಂದಿಟ್ಟಳು. ಕೆಳತುಟಿ ಊದಿ ಒಡೆದಿತ್ತು.

“ಅಕ್ಕಾ, ಫೋನ್ ನಂಬರ್ ಹೇಳಿ.”

“ಹೇಳಲ್ಲ.”

“ಹೇಳಿ ಅಕ್ಕಾ. ನನ್ನ ಕೆಲ್ಸ ಹೋಗತ್ತೆ.”

“ಹೋದ್ಸಲ ಹೇಳಿದ್ನಲ್ಲ ತಾಯಿ. ನೀನು ಊರಿಗೆಲ್ಲ ಕೇಳೋ ಹಾಗೆ ಒದರ್ದೆ. ಹಿಂದೆ ನನ್ನ ಮೈದುನ ನಿಂತಿದ್ದ. ನಾನು ಬಿಟ್ಟು ಬಂದ ಗಂಡಂಗೆ ನಂಬರ್ ಮುಟ್ಟಿಸ್ದ. ಅವನು ಫೋನ್ ಮಾಡಿ, ಒಂದ್ಸಲ ಬಾ, ಮಾತಾಡೋಣ ಅಂದ. ಹೋದೆ. ನೋಡು, ಹೆಂಗೆ ಮಾತಾಡಿದಾನೆ.” ತುಟಿ ತೋರಿಸಿದಳು. “ಈಗ ಬೇರೆ ಸಿಮ್ ಹಾಕಿದೀನಿ. ಇದನ್ನ ಯಾರಿಗೂ ಕೊಡಲ್ಲ.”

ತಪ್ಪಾಗದಿರಲೆಂದು ಗಿರಾಕಿ ಹೇಳಿದ ನಂಬರನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ನಮಗೆ ಕಲಿಸಿದ್ದೇ ಹಾಗೆ.

ಮ್ಯಾನೇಜರು ಹತ್ತಿರ ಬಂದ. “ಏನೇ, ಮಹಾರಾಣಿ ನಂಬರಾ ಇದು? ಈ ಮುಸುಡಿಗೆ ಯಾವ ಸೂಳೇಮಗ ಫೋನ್ ಮಾಡ್ತಾನೆ?”

ಸಾಲಿನಲ್ಲಿ ಯಾರೋ ನಕ್ಕರು.

“ದುಡ್ಡು ಕೊಡ್ತಿದೀನಲ್ಲ ಸಾರ್. ಸಾಮಾನು ಕೊಡಿ, ಹೋಗ್ತೀನಿ.”

“ನಂಬರ್ ಕೊಡು, ಹೋಗು. ಹಿಡ್ಕೊಂಡೋರು ಯಾರು?”

ಅವಳು ಚೀಲದಿಂದ ಚಿಲ್ಲರೆ ತೆಗೆಯಲು ತನ್ನ ಹಳೇ ಗುಂಡಿ ಫೋನನ್ನು ಕೌಂಟರಿನ ಮೇಲಿಟ್ಟಳು. ಅವನು ಅದನ್ನೆತ್ತಿಕೊಂಡು ತನ್ನ ಫೋನಿಗೆ ಕರೆ ಮಾಡಿದ. ಅವನ ಜೇಬು ಹಾಡಿತು.

“ಬಂತು ನೋಡು. ಇಷ್ಟಕ್ಕೆ ಎಷ್ಟು ರಂಪ. ಹಾಕೇ, ನಾನು ಓದ್ತೀನಿ.” ಅವಳ ಫೋನನ್ನು ಕೌಂಟರಿಗೆ ಎಸೆದು, ಜೇಬಿನಿಂದ ತನ್ನದನ್ನು ತೆಗೆದು ನನ್ನತ್ತ ತಿರುಗಿದ.

“ಬೇಡ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ.” ಅವಳು ಅವನ ತೋಳು ಹಿಡಿದಳು. ಅವನು ಮುಟ್ಟಬಾರದ್ದು ಮುಟ್ಟಿದಂತೆ ಕೊಡವಿದ. ಅವಳು ಟ್ರಾಲಿಗೆ ಬಡಿದುಕೊಂಡಳು. ತುಟಿಯಿಂದ ಮತ್ತೆ ರಕ್ತ ಇಳಿಯಿತು. ನಕ್ಕವರು ಈಗ ಚಾಕಲೇಟಿನ ಡಬ್ಬಿ ನೋಡುತ್ತಿದ್ದರು.

“ಒಂಬತ್ತು,” ಎಂದು ಅವನು ಜೋರಾಗಿ ಶುರುಮಾಡಿದ. “ಎಂಟು...”

ನನ್ನ ಬೆರಳು ಬಿಲ್ಲಿನ ಯಂತ್ರದ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಎದ್ದು ಅವನ ಕೈಯಿಂದ ಅವನ ಫೋನು ಕಿತ್ತುಕೊಂಡೆ. ಪಕ್ಕದಲ್ಲಿ, ನೆಲಕ್ಕೆ ಚೆಲ್ಲಿದ್ದ ಎಣ್ಣೆಯನ್ನು ಅಂಗಡಿಯ ಆಯಾ ಒರೆಸುತ್ತಿದ್ದಳು. ಅವಳ ಬಕೆಟ್ಟಿಗೆ ಹಾಕಿದೆ. ಬುಳಕ್ ಎಂದು ಮುಳುಗಿತು.

“ಲೌಡಿ! ಅದರ ಬೆಲೆ ಗೊತ್ತೇನೇ ನಿಂಗೆ?” ಅವನು ಅಂಗಿಯ ತೋಳು ಮಡಚಿ ಬಕೆಟ್ಟಿನತ್ತ ಬಗ್ಗಿದ.

ಆಯಾ ಹೆಂಗಸಿನ ತುಟಿ ನೋಡಿದಳು. ನನ್ನನ್ನು ನೋಡಿದಳು.

“ಸ್ವಲ್ಪ ಸರೀರಿ ಸಾರ್, ಒರೆಸ್ಬೇಕು,” ಎಂದು ಮಾಪನ್ನು ಕರಿನೀರಿಗೆ ಅದ್ದಿ, ಎರಡೂ ಕೈಯಿಂದ ತಳಕ್ಕೆ ಒತ್ತಿ ಹಿಡಿದಳು.