ನಿಯಮಾನುಸಾರ

"ಮೂರನೇ ಪ್ರತಿಯಲ್ಲಿ ಮೊಹರು ಬಿದ್ದಿಲ್ಲಾಂದ್ರೆ ಏನ್ಮಾಡ್ತೀರಿ ಮೇಡಂ?" ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಕೇಳಿದಳು.

ಗಡಿಯ ಸುಂಕದ ಕಚೇರಿಯಲ್ಲಿ ಐದು ನೆರೆದೇಶಗಳ ಹೊಸ ವ್ಯಾಪಾರ ಒಪ್ಪಂದದ ತರಬೇತಿ ನಡೆಯುತ್ತಿತ್ತು. ಎರಡೂ ಕಡೆಯ ಗುಮಾಸ್ತರು, ಲಾರಿಗಳ ಕಾಗದಪತ್ರ ಮಾಡಿಸಿಕೊಡುವ ಏಜೆಂಟರು ಸೇರಿದ್ದರು. ಸರಕು ಯಾವ ದೇಶದ್ದೆಂದು ಹೇಳುವ, ಮೂರು ಪ್ರತಿಗಳಲ್ಲಿ ಕೊಡಬೇಕಾದ ಪ್ರಮಾಣಪತ್ರದ ಮಾದರಿ ಪರದೆಯ ಮೇಲಿತ್ತು.

"ಲಾರಿ ಬಿಟ್ಟುಬಿಡ್ಬೇಕು," ಎಂದರು ಪಾಠ ಹೇಳುತ್ತಿದ್ದ ಅಧಿಕಾರಿಣಿ. "ಸರಿಯಾದ ಪ್ರತಿ ತಿಂಗಳೊಳಗೆ ಕೊಟ್ರಾಯ್ತು."

"ನಮ್ಮ ಹೊಟ್ಟೆ ಮೇಲೆ ಹೊಡೆದ್ರಿ ಬಿಡಿ," ಎಂದ ಮೀಸೆಯ ಏಜೆಂಟ್. ಎಲ್ಲರೂ ನಕ್ಕರು. ಆ ಹೆಂಗಸು ನಗಲಿಲ್ಲ.

"ಮೊದಲು?"

"ಮೊದಲು ನಿಲ್ಲಿಸ್ತಿದ್ವಿ," ಎಂದು ಅಧಿಕಾರಿಣಿ ಮುಂದಿನ ಪುಟಕ್ಕೆ ಹೋದರು. ಆದರೆ ಅಲ್ಲಿದ್ದ ಅಕ್ಷರಗಳು ತಲೆಗೆ ಹತ್ತಲಿಲ್ಲ.

ಒಂಬತ್ತು ವರ್ಷಗಳ ಹಿಂದೆ, ಬಿರುಬೇಸಿಗೆಯಲ್ಲಿ, ಶುಂಠಿ ತುಂಬಿದ ಲಾರಿಯೊಂದನ್ನು ಅವರು ಇದೇ ಕಾರಣಕ್ಕೆ ತಡೆದಿದ್ದರು. ಎರಡನೆಯ ದಿನ ಚಾಲಕ ಕಿಟಕಿಗೆ ಬಂದು, "ಮೇಡಂ, ಮೈ ಸುಡ್ತಾ ಇದೆ. ಒಂದ್ಸಲ ಬಿಟ್ಬಿಡಿ," ಎಂದು ಕೆಮ್ಮಿದ್ದ. ಅವರು ತಲೆಯೆತ್ತದೆ, "ಮೊಹರು ಹಾಕಿಸ್ಕೊಂಡು ಬಾ," ಎಂದಿದ್ದರು. ಮೂರನೆಯ ದಿನ ಸ್ಟಿಯರಿಂಗಿನ ಮೇಲೆ ಒರಗಿದ್ದವನು ಏಳಲಿಲ್ಲ. ತನಿಖೆಯ ವರದಿಯಲ್ಲಿ ಅವರ ಬಗ್ಗೆ ಇದ್ದದ್ದು ಒಂದೇ ಸಾಲು: ನಿಯಮಾನುಸಾರ ಕ್ರಮ ಕೈಗೊಂಡಿದ್ದಾರೆ. ಅಂದಿನಿಂದ ಕಿಟಕಿಯಾಚೆ ಯಾರು ಕೆಮ್ಮಿದರೂ ಅವರ ಪೆನ್ನು ನಿಂತುಬಿಡುತ್ತಿತ್ತು. ಮಗಳಿಗೆ ನೆಗಡಿಯಾದರೆ ಸಾಕು, ಮನೆಯಲ್ಲೂ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದರು. ಆ ಹೆಂಗಸು ಕೂತೇ ಇದ್ದಳು.

"ಶುಂಠಿ ಲಾರಿಯವನು ನಮ್ಮಣ್ಣ," ಎಂದಳು. "ಆಮೇಲೆ ನಾನು ಏಜೆಂಟ್ ಆದೆ."

ಅಧಿಕಾರಿಣಿ ಪರದೆ ಆರಿಸಿ ಹತ್ತಿರ ಬಂದರು. "ತಡೆದವಳು ನಾನೇ ಕಣಮ್ಮಾ."

"ಗೊತ್ತು. ಲಾರಿ ತಡೆದ ಚೀಟಿಯಲ್ಲಿ ನಿಮ್ಮ ಸಹಿ ಇತ್ತಲ್ಲ."

"ಆವತ್ತು ನಾನು ಮುಖ ಎತ್ತಿ ನೋಡಿದ್ರೂ ಸಾಕಿತ್ತು. ನೋಡ್ಲಿಲ್ಲ."

ಬೈಗುಳಕ್ಕೆ ಕಾದರು. ಅದು ಬರಲಿಲ್ಲ.

"ಲಾರಿ ಎಲ್ಲಿ ನಿಂತಿತ್ತು? ಯಾರನ್ನ ಕೇಳಿದ್ರೂ ಆ ಕಡೆ, ಈ ಕಡೆ ಅಂತಾರೆ. ಅಮ್ಮ ಸಾಯೋವರೆಗೂ ಅದನ್ನೇ ಕೇಳ್ತಿದ್ಲು."

ಇಬ್ಬರೂ ಬಿಸಿಲಿಗಿಳಿದರು. ಹಿಂದೆ ಸಾಲುಗಟ್ಟಿ ಲಾರಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಾಲ್ಕನೆಯ ಪಥ; ಒಪ್ಪಂದದ ದೇಶಗಳ ಲಾರಿಗಳು ನಿಲ್ಲದೆ ಹಾಯುವ ದಾರಿ. ಅಧಿಕಾರಿಣಿ ಹುಡುಕಬೇಕಾಗಲಿಲ್ಲ. ಮೂರನೆಯ ದೀಪದ ಕಂಬದ ನೇರಕ್ಕೆ ಬೆರಳು ಮಾಡಿದರು.

"ಅಲ್ಲಿ. ನಿಮ್ಮ ಮನೆ ಕಡೆ ಮುಖ ಮಾಡಿತ್ತು."

ಲಾರಿಯ ಹಿಂದೆ ಲಾರಿ ಬರುತ್ತಲೇ ಇತ್ತು. ಆ ಜಾಗದಲ್ಲಿ ಕಾಲಿಡಲು ಸಂದೇ ಇರಲಿಲ್ಲ. ಅಧಿಕಾರಿಣಿ ಮುಂದೆ ಹೋಗಿ ಕೈಯೆತ್ತಿದರು. ಬ್ರೇಕು ಕಿರುಗುಟ್ಟಿತು. ಚಾಲಕ ಗಾಬರಿಯಿಂದ ಕಾಗದಗಳನ್ನು ತಡಕತೊಡಗಿದ.

ತಂಗಿ ಓಡಿಬಂದು ಆ ಕೈಯನ್ನು ಕೆಳಗಿಳಿಸಿದಳು.

"ಬೇಡ ಮೇಡಂ. ಹೋಗ್ಲಿ ಬಿಡಿ ಅವನು."

ಲಾರಿ ಹೊರಟಿತು. ಅದರ ಹಿಂದೆ ಇನ್ನೊಂದು. ಇಬ್ಬರೂ ಪಥದ ಕಲ್ಲಿನಂಚಿಗೆ ಸರಿದು ನಿಂತರು. ಧೂಳು ಮುಖಕ್ಕೆ ರಾಚುತ್ತಿತ್ತು. ಅವಳು ಹಿಡಿದ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.