ಒಂದಿಂಚಿನ ಗಾಯ

ಎಣ್ಣೆ ಬಿಸಿಯಾಗುವ ವಾಸನೆ, ಯಾರು ಇಟ್ಟದ್ದು ಒಲೆಯ ಮೇಲೆ, ಅತ್ತೆಯೇ, ಮತ್ತೆ ಯಾರು — ವಾರಿಜಾಕ್ಷಿ ಕೊಡವನ್ನು ಬಾವಿಕಟ್ಟೆಯಲ್ಲೇ ಬಿಟ್ಟು ಓಡಿಬಂದಳು, ಬೇಡ ಬೇಡ ಎಂದು ಬೆಳಗ್ಗಿನಿಂದ ಬಾಯಿ ಬಡಿದುಕೊಂಡದ್ದೆಲ್ಲ ದಂಡ, ಚಾವಡಿಯಲ್ಲಿ ಚಾಪೆ ಹಾಸಿಯಾಗಿದೆ, ಅದರ ಮೇಲೆ ಗಂಡ ಮಹಾಬಲ ಕವುಚಿ ಮಲಗಿಯೂ ಆಗಿದೆ, ನೆಟ್ಟಣದ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ದಿಮ್ಮಿ ಹೇರುತ್ತಿದ್ದ ಗಂಡಸು, ಈಗ ಅಮ್ಮ ಹೇಳಿದಳೆಂದು ಅಂಗಿ ಬಿಚ್ಚಿ ಬೆನ್ನು ಕೊಟ್ಟಿದ್ದಾನೆ. ಸೀತಜ್ಜಿಗೆ ಹೇಳಿಕಳಿಸಿದ್ದೇನೆ, ಕಾಲು ಮುಂದಾಗಿ ಹುಟ್ಟಿದವಳು, ಅವಳು ಮೂರು ಸಲ ತುಳಿದರೆ ಎಂಥ ಸೊಂಟವೂ ಸರಿಯಾಗ್ತದೆ, ಎಂದು ಅತ್ತೆ. ಸರಿಯಾದದ್ದನ್ನು ಇನ್ನೆಷ್ಟು ಸರಿ ಮಾಡುದು ಮಾಮಿ, ಎಂದು ಅತ್ತೆಯ ಮೇಲೆ ರೇಗಿದಳು! ಬಲಗಾಲು ಎಳೆದುಕೊಂಡು ನೋವಿಗೆ ಚೀರುತ್ತಿದ್ದವನನ್ನು ಮಂಗಳೂರಿನ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಬರೀ ಒಂದಿಂಚು ಕೊಯ್ದು, ಬೆನ್ನೆಲುಬಿನ ಸಂದಿನಿಂದ ಜಾರಿ ನರ ಒತ್ತುತ್ತಿದ್ದ ತುಂಡನ್ನು ತೆಗೆದು ಬಾಟ್ಲಿಯಲ್ಲಿ ತೋರಿಸಿದ್ದರು, ಬೇಯಿಸಿದ ಏಡಿಯ ಮಾಂಸದ ಹಾಗಿತ್ತು, ಇಷ್ಟಕ್ಕೇ ಇಷ್ಟು ದಿನ ಸಾಯಬೇಕಾಗಿತ್ತಾ ಎಂದು ಅವಳಿಗೆ ಸಿಟ್ಟೇ ಬಂದಿತ್ತು — ಇದು ಹೊಸ ಕ್ರಮ ಅಮ್ಮ, ಕೊಯ್ದದ್ದು ಕಡಿಮೆಯಾದರೆ ಏಳುದು ಬೇಗ, ನಾಳೆಯೇ ನಡೆಸಿ, ಆದರೆ ಭಾರ ಎತ್ತಲಿಕ್ಕಿಲ್ಲ, ಬಗ್ಗಲಿಕ್ಕಿಲ್ಲ, ಬೆನ್ನನ್ನು ಯಾರೂ ತಿಕ್ಕಲಿಕ್ಕಿಲ್ಲ, ಒತ್ತಲಿಕ್ಕಿಲ್ಲ, ಎಂದಿದ್ದರು ಡಾಕ್ಟರು. ಮರುದಿನ ಅವನು ನಡೆದ, ಎರಡೂ ಕಾಲು ನೆಲಕ್ಕೆ ಊರಿ ನಡೆದ, ಅವಳು ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಅತ್ತಳು.

ಊರಿಗೆ ಬಂದದ್ದೇ ತಪ್ಪಾಯಿತು. ಇಚಿಲಂಪಾಡಿಯ ಇದ್ದಬದ್ದವರೆಲ್ಲ ಬಂದರು, ಅಂಗಿ ಎತ್ತಿಸಿ ನೋಡಿದರು, ಇದೆಂತ ಆಪರೇಷನ್ನು ಮಾರಾಯ್ತಿ, ಕುರು ಒಡೆದ ಹಾಗುಂಟು, ನಮ್ಮ ಧರ್ಮಪಾಲನಿಗೆ ಬೆನ್ನಿಡೀ ಕೊಯ್ದಿದ್ರು, ನಿಮ್ಮನ್ನು ಡಾಕ್ಟರು ಸಮಾ ಮಂಗ ಮಾಡಿದ್ದಾರೆ — ಹೌದು, ಧರ್ಮಪಾಲ ತಿಂಗಳುಗಟ್ಟಲೆ ಹಲಗೆಯ ಮೇಲೆ ಬಿದ್ದಿದ್ದ, ಇವತ್ತಿಗೂ ಕೋಲಿಲ್ಲದೆ ಅಂಗಳಕ್ಕಿಳಿಯಲಾರ, ಆದರೆ ಗಾಯ ದೊಡ್ಡದಲ್ಲವೇ, ಹಾಗಾಗಿ ಅವನ ಡಾಕ್ಟರೂ ದೊಡ್ಡವರು! ನಾಲ್ಕು ಜನ ನಕ್ಕರೆಂದು ಮಹಾಬಲನಿಗೆ ಪೌರುಷ ಉಕ್ಕಿ, ನಿನ್ನೆ ತುಂಬಿದ ಕೊಡ ಎತ್ತಿ ತೋರಿಸಿದ, ಸೊಂಟ ಹಿಡಿಯಿತು, ಹಿಡಿಯದೆ ಬಿಡುತ್ತದಾ, ತಪ್ಪು ಮಾತ್ರ ಎತ್ತಿದವನದ್ದಲ್ಲ, ಕೊಯ್ದವರದ್ದು. ಏಳಿ, ನಾಳೆ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗುವ, ಡಾಕ್ಟರು ನೋಡಲಿ, ಎಂದಳು. ನೀನು ಸುಮ್ಮನಿರು ಮಾರಾಯ್ತಿ, ಒಂದು ಸಲ ತುಳಿದರೆ ಎಂತ ಹೋಗುದು, ಎಂದ, ಚಾಪೆಯಿಂದ ಮುಖ ಎತ್ತದೆ. ಕಾಲು ಹೋಗುದು, ನಿಮ್ಮ ಕಾಲು! — ಇವನನ್ನು ಕೊಂದುಬಿಡಬೇಕು, ಇವನು ನಡೆಯಬೇಕು, ಎರಡೂ ಒಟ್ಟಿಗೆ ಎದೆಯಲ್ಲಿ ಕುದಿಯುತ್ತಿದೆ, ಅಷ್ಟರಲ್ಲಿ ಸೀತಜ್ಜಿ ಬಂದೇಬಿಟ್ಟಳು, ಕಣ್ಣು ಮಂಜಾದ ಮುದುಕಿ, ಗೋಡೆ ತಡವಿ ತಡವಿ ಚಾಪೆಯ ಪಕ್ಕ ನಿಂತಳು, ಅತ್ತೆ ದೈವದ ಕೋಣೆಯ ಕಡೆ ತಿರುಗಿ ಕೈಮುಗಿದು ಕಣ್ಣು ಮುಚ್ಚಿದರು, ಒಡೆದ ಹಿಮ್ಮಡಿಯ ಕಾಲು ಮೇಲೆದ್ದಿತು, ಅಜ್ಜಿಯನ್ನು ತಳ್ಳುವ ಹಾಗಿಲ್ಲ, ತಳ್ಳಿದರೆ ಇವನ ಮೇಲೆಯೇ ಬೀಳುತ್ತಾಳೆ — ವಾರಿಜಾಕ್ಷಿ ಕುಕ್ಕುರುಗಾಲಲ್ಲಿ ಕೂತಳು, ಮೊಣಕೈಯನ್ನು ಮೊಣಕಾಲಿಗೆ ಆನಿಸಿ, ಗಾಯದ ಮೇಲೆ, ಚರ್ಮಕ್ಕೆ ಸೋಕಿಯೂ ಸೋಕದ ಹಾಗೆ, ತನ್ನ ಕೈಯನ್ನೇ ಅಡ್ಡ ಹಿಡಿದಳು. ಕಾಲು ಬಿತ್ತು, ಬಳೆ ಒಡೆಯಿತು, ಅವಳು ತುಟಿ ಕಚ್ಚಿದಳು, ಎರಡನೆಯ ಸಲ, ಚೂರು ಒಳಗೆ ಹೋಯಿತು, ಮೂರನೆಯ ಸಲ, ಅವನ ಬೆನ್ನಿಗೆ ಅಜ್ಜಿಯ ಕಾಲು ಸೋಕಲೇ ಇಲ್ಲ — ಅಬ್ಬ, ಎಂದ ಮಹಾಬಲ ಕೆಳಗಿನಿಂದ, ಈಗ ಹಗುರ ಆಯ್ತು ನೋಡು. ನಾನು ಹೇಳ್ಲಿಲ್ವಾ ಮಗಾ, ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಇನ್ನೊಂದು ಸಲ ತುಳಿಯಿರಿ ಅಜ್ಜಿ, ಎಂದ ಗಂಡ, ಗಟ್ಟಿಯಾಗಿ. ಕಾಲು ಮತ್ತೆ ಮೇಲೆದ್ದಿತು.