ಡಿಸ್ಚಾರ್ಜ್ ಅಂದರೆ

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿರುವ ಆ ಹಳ್ಳಿಯಲ್ಲಿ, ಮುನೀಂದ್ರನಿಗೆ ಇಂಗ್ಲಿಷ್ ಬರುತ್ತದೆ ಎಂದು ಊರೇ ನಂಬಿತ್ತು. ಅವನು ಕೆಜಿಎಫ್‌ನ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದ. ಅಂಗಿ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಬ್ಯಾಂಕಿನ ಕಾಗದ, ಕರೆಂಟ್ ಆಫೀಸಿನ ನೋಟೀಸು, ಹಸುವಿನ ವಿಮೆ, ಏನೇ ಬಂದರೂ ಜನ ಅವನ ಹತ್ತಿರ ತರುತ್ತಿದ್ದರು. ಅವನು ಮೇಲಿಂದ ಕೆಳಕ್ಕೆ ಕಣ್ಣಾಡಿಸಿ, ಗುರುತು ಸಿಕ್ಕ ನಾಲ್ಕು ಪದ ಹಿಡಿದು, ಮಿಕ್ಕಿದ್ದನ್ನು ಊಹಿಸಿ ಹೇಳುತ್ತಿದ್ದ. ಊಹೆ ಬಹಳ ಸಲ ಸರಿಯಾಗಿರುತ್ತಿತ್ತು. ಪಿಯುಸಿಯಲ್ಲಿ ಇಂಗ್ಲಿಷ್ ವಿಷಯದಲ್ಲೇ ಎರಡು ಸಲ ಫೇಲಾಗಿ ಓದು ಬಿಟ್ಟವನು ತಾನೆಂದು ಹೆಂಡತಿ ಸುಮಲತಳಿಗೂ ಅವನು ಹೇಳಿರಲಿಲ್ಲ.

ಕಳೆದ ಕಾರ್ತೀಕದಲ್ಲಿ ಪಕ್ಕದ ಮನೆಯ ಮಂಗಮ್ಮನ ಕಾಲನ್ನು ಸೀಮೆಹಸು ತುಳಿಯಿತು. ಕಿರುಬೆರಳು ಒಡೆದು ಗಾಯವಾಯಿತು. ಆಕೆಗೆ ಮೊದಲೇ ಸಕ್ಕರೆ ಕಾಯಿಲೆ. ಅರಿಸಿನ ಮೆತ್ತಿಕೊಂಡು ಒಂದು ವಾರ ಓಡಾಡಿದಳು. ಗಾಯ ವಾಸನೆ ಹೊಡೆಯತೊಡಗಿದಾಗ ಗಂಡ ಸೊಣ್ಣಪ್ಪ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗಿ ಬಾ ಎಂದು ಬಸ್ಸು ಹತ್ತಿಸಿದ. ಅಲ್ಲಿದ್ದ ಡಾಕ್ಟರು ಹೊಸಬರು, ಕನ್ನಡ ಅಷ್ಟಾಗಿ ಬಾರದವರು. ಗಾಯ ತೊಳೆದು ಕಟ್ಟಿದರು, ಮಾತ್ರೆ ಕೊಟ್ಟರು, ಏನೇನೋ ಹೇಳಿದರು, ಒಂದು ಚೀಟಿ ಬರೆದುಕೊಟ್ಟರು. ಮಂಗಮ್ಮ ಅರ್ಧ ಅರ್ಥಮಾಡಿಕೊಂಡು ಸಾಯಂಕಾಲದ ಹೊತ್ತಿಗೆ ಊರಿಗೆ ಬಂದಳು.

ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಕ್ಯಾನು ಹಿಡಿದು ಹದಿನೈದು ಇಪ್ಪತ್ತು ಜನ ನಿಂತಿದ್ದರು. ಮುನೀಂದ್ರನೂ ಇದ್ದ. ಮಂಗಮ್ಮ ಸೆರಗಿನ ಗಂಟು ಬಿಚ್ಚಿ ಚೀಟಿ ಅವನ ಕೈಗಿಟ್ಟಳು.

"ಏನ್ ಬರ್ದವ್ರೆ ನೋಡಪ್ಪಾ."

ಅಕ್ಷರ ಇರುವೆ ಹರಿದ ಹಾಗಿತ್ತು. ಅವನಿಗೆ ಶುಗರ್ ಅನ್ನುವುದು ಕಾಣಿಸಿತು. ಅದರ ಕೆಳಗೆ ಫೌಲ್ ಅನ್ನುವ ಪದ. ಕಬಡ್ಡಿಯ ಫೌಲು ಇಲ್ಲೇಕೆ ಬಂತೆಂದು ತಿಳಿಯದೆ ಅದನ್ನು ದಾಟಿಬಿಟ್ಟ. ಅದರ ಪಕ್ಕದ ಪದ ಮಾತ್ರ ಸ್ಪಷ್ಟವಾಗಿತ್ತು.

"ಡಿಸ್ಚಾರ್ಜ್ ಅಂತ ಬರ್ದವ್ರೆ ಕಣತ್ತೆ," ಎಂದ ಎಲ್ಲರಿಗೂ ಕೇಳುವಂತೆ. "ಇನ್ನೇನೂ ಇಲ್ಲ. ಮಾತ್ರೆ ನುಂಗ್ಕೊಂಡು ಮನೇಲಿರು ಅಂತ."

ಮಂಗಮ್ಮ ಚೀಟಿಯನ್ನೂ ಅವನನ್ನೂ ನೋಡಿದಳು. "ಅಲ್ಲಾ, ನನ್ನ ಸೇರಿಸ್ಕೊಂಡೇ ಇಲ್ವಲ್ಲಪ್ಪ. ಇನ್ನು ಡಿಸ್ಚಾರ್ಜ್ ಎಂಗೆ ಮಾಡ್ತಾರೆ? ನಾಳೆ ಯಾರನ್ನಾನಾ ಕರ್ಕೊಂಡ್ ಬಾ ಅಂದಂಗಿತ್ತು."

ಮುನೀಂದ್ರನಿಗೆ ಆ ಪ್ರಶ್ನೆ ಚುರುಕ್ಕೆಂದಿತು. ಇಷ್ಟು ಜನರ ಮುಂದೆ ಗೊತ್ತಿಲ್ಲ ಅನ್ನುವುದು ಅವನಿಂದಾಗಲಿಲ್ಲ. ಅವನು ನಕ್ಕ.

"ಹೆಬ್ಬೆಟ್ಟು ಒತ್ತೋರು ನೀವೇ ಡಾಕ್ಟ್ರಿಗೆ ಪಾಠ ಹೇಳ್ಕೊಡಿ ಇನ್ಮೇಲೆ!"

ಎಲ್ಲರೂ ನಕ್ಕರು. ಮಂಗಮ್ಮನೂ ನಗುವವಳಂತೆ ಮಾಡಿ ಚೀಟಿಯನ್ನು ಮಡಿಚಿ ಮತ್ತೆ ಗಂಟು ಹಾಕಿಕೊಂಡಳು.

ಒಂಬತ್ತು ದಿನ ಕಳೆದ ಮೇಲೆ, ಒಂದು ಬುಧವಾರ, ಫ್ಯಾಕ್ಟರಿಯ ಸ್ಟೋರಿನಲ್ಲಿ ಸಾಮಾನು ಎತ್ತುವ ಬ್ಯಾಟರಿ ಗಾಡಿ ನಿಂತುಹೋಯಿತು. ಅವನ ಜೊತೆ ಕೆಲಸ ಮಾಡುವ ಸೆಲ್ವರಾಜ್ ರಿಜಿಸ್ಟರಿನಲ್ಲಿ ಬ್ಯಾಟರಿ ಡಿಸ್ಚಾರ್ಜ್ ಎಂದು ಬರೆದ. ಸೆಲ್ವರಾಜ್ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವನು, ಅವನಪ್ಪ ಚಿನ್ನದ ಗಣಿಯೊಳಗೆ ದುಡಿದವರು.

"ಗಾಡಿನೂ ಆಸ್ಪತ್ರೇಲಿತ್ತೇನಯ್ಯಾ?" ಎಂದು ಮುನೀಂದ್ರ ತಮಾಷೆ ಮಾಡಿದ.

ಸೆಲ್ವರಾಜ್ ನಕ್ಕ. "ಆ ಒಂದು ಪದ ನಮ್ಮ ಮನೇಲಿ ಸುಮಾರು ಆಟ ಆಡೈತೆ ಅಣ್ಣಾ. ಅಪ್ಪನ್ನ ಕೆಲಸದಿಂದ ಬಿಡಿಸಿದಾಗ ಕಾಗದದಲ್ಲಿ ಡಿಸ್ಚಾರ್ಜ್ ಅಂತಿತ್ತು. ಆಮೇಲೆ ಅವರಿಗೆ ಕಿವಿ ಸೋರಕ್ಕೆ ಶುರುವಾಯ್ತು. ಡಾಕ್ಟರ್ ಚೀಟೀಲೂ ಡಿಸ್ಚಾರ್ಜ್! ಅಮ್ಮ ಅತ್ತೇಬಿಟ್ಟರು, ಅಯ್ಯೋ ಆಸ್ಪತ್ರೆಯೋರೂ ತೆಗೆದುಬಿಟ್ಟರಾ ಅಂತ."

"ಕಿವಿಗ್ಯಾಕೆ ಡಿಸ್ಚಾರ್ಜ್?"

"ಕೀವು ಅಣ್ಣಾ. ಕಿವಿಯಿಂದಾಗಲಿ, ಗಾಯದಿಂದಾಗಲಿ, ಕೀವು ಬಂದ್ರೆ ಅದಕ್ಕೂ ಡಿಸ್ಚಾರ್ಜ್ ಅಂತಾನೇ ಬರೀತಾರೆ. ನಿಮಗೆ ಗೊತ್ತಿರುತ್ತಲ್ಲ."

"ಗೊತ್ತು, ಗೊತ್ತು," ಎಂದ ಮುನೀಂದ್ರ. ಸ್ವಲ್ಪ ಹೊತ್ತು ಬಿಟ್ಟು, ಬೇರೇನೋ ಕೇಳುವವನಂತೆ, "ಫೌಲ್ ಅಂದ್ರೆ?" ಎಂದ.

"ಕೆಟ್ಟ ವಾಸನೆ. ಯಾಕಣ್ಣಾ?"

"ಸುಮ್ನೆ."

ಆ ಸಾಯಂಕಾಲ ಬಸ್ಸಿಳಿದವನು ನೇರವಾಗಿ ಮಂಗಮ್ಮನ ಮನೆ ಮುಂದೆ ಹೋಗಿ ನಿಂತ. ಆಕೆ ಕಾಲಿಗೆ ಹಳೇ ಪಂಚೆಯ ತುಂಡು ಸುತ್ತಿಕೊಂಡು ಹಸುವಿಗೆ ಮೇವು ಹಾಕುತ್ತಿದ್ದಳು.

"ಕಾಲು ಎಂಗೈತೆ ಅತ್ತೆ?"

"ಮರಗಟ್ದಂಗೈತೆ. ಈಗ ನೋವೇ ಇಲ್ಲ ಕಣಪ್ಪ. ನೀನ್ ಯೋಳ್ದಂಗೆ ಮಾತ್ರೆ ನುಂಗಿದ್ದೇ ನುಂಗಿದ್ದು."

ಹೇಳಬೇಕಾದ ಮಾತು ಚಿಕ್ಕದು. ತಪ್ಪು ಓದಿದೆ, ಈಗಲೇ ನಡಿ, ಅಷ್ಟೇ. ಆದರೆ ಅದನ್ನು ಹೇಳಿದರೆ ಊರಿನವರು ಇಷ್ಟು ವರ್ಷ ತಂದ ಕಾಗದಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಅವನು ತಲೆಯಾಡಿಸಿ ಮನೆಗೆ ಹೋದ. ಮಾರನೆಯ ದಿನವೂ ಕೆಲಸಕ್ಕೆ ಹೋದ. ಡ್ಯೂಟಿ ಮುಗಿಸಿ ಬಂದಾಗ ಮಂಗಮ್ಮ ಜ್ವರದಿಂದ ಮಲಗಿದ್ದಾಳೆಂದು ಸುಮಲತ ಹೇಳಿದಳು. ಆಗಲೂ, ಬೆಳಿಗ್ಗೆ ನೋಡೋಣ ಅಂದುಕೊಂಡ.

ಶುಕ್ರವಾರ ಬೆಳಿಗ್ಗೆ ಕಾರು ಗೊತ್ತುಮಾಡಿಕೊಂಡು ಬಂದು, "ಯಾಕೋ ನಂಗೆ ಅನುಮಾನ, ತೋರಿಸ್ಕೊಂಡು ಬರೋಣ ನಡೀರಿ," ಎಂದು ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡು ಕೋಲಾರದ ಆಸ್ಪತ್ರೆಗೆ ಕರೆದೊಯ್ದ.

ಪಟ್ಟಿ ಬಿಚ್ಚಿದಾಗ ಕಿರುಬೆರಳು ಇದ್ದಲಿನಂತೆ ಕಪ್ಪಾಗಿತ್ತು. ಪಕ್ಕದ ಬೆರಳಿಗೂ ಹತ್ತಿತ್ತು. ಎರಡನ್ನೂ ತೆಗೆದರು. ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರು ಗದರಲಿಲ್ಲ. "ಎರಡು ದಿನ ಮುಂಚೆ ತಂದಿದ್ದರೆ ಒಂದು ಬೆರಳಾದರೂ ಉಳಿಯುತ್ತಿತ್ತೇನೋ," ಎಂದಷ್ಟೇ ಹೇಳಿ ಹೋದರು. ಎರಡು ದಿನ. ಮುನೀಂದ್ರ ಲೆಕ್ಕ ಹಾಕಿದ: ಬುಧವಾರ.

ಸೊಣ್ಣಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಆ ಮುದುಕ ಯಾರ ಮುಂದೆಯೂ ಕಣ್ಣೀರು ಹಾಕಿದವನಲ್ಲ. "ನೀನ್ ಕರ್ಕೊಂಡು ಬರ್ದೆ ಓಗಿದ್ರೆ ಕಾಲೇ ಓಗ್ತಿತ್ತಂತೆ ಕಣಪ್ಪ. ನಮ್ಮ ಪಾಲಿಗೆ ದೇವ್ರಾದೆ."

ಮುನೀಂದ್ರ ಕೈ ಬಿಡಿಸಿಕೊಳ್ಳಲಿಲ್ಲ.

ಆ ಮಾತು ಊರಿಗೂ ಹಬ್ಬಿತು. ಡೈರಿಯಲ್ಲಿ ಜನ ಅವನನ್ನು ಹೊಗಳಿದರು. ಸುಮಲತ ಹೆಮ್ಮೆಯಿಂದ ಎರಡು ಹೊತ್ತೂ ಆಸ್ಪತ್ರೆಗೆ ಊಟ ಕಟ್ಟಿಕೊಟ್ಟಳು. ಅವನು ಬುತ್ತಿ ಹಿಡಿದು ವಾರ್ಡಿಗೆ ಹೋಗುವುದು, ಸೊಣ್ಣಪ್ಪ ಎದ್ದು ಜಾಗ ಬಿಟ್ಟುಕೊಡುವುದು. ಬೈಸಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮರ್ಯಾದೆಯನ್ನು ತಡೆಯುವುದು ಕಷ್ಟವಾಯಿತು.

ಎಂಟನೆಯ ದಿನ ನರ್ಸ್ ಬಂದು, "ಅಜ್ಜಿ, ನಾಳೆ ಡಿಸ್ಚಾರ್ಜ್," ಎಂದಳು.

ಮಂಗಮ್ಮ ಗಾಬರಿಯಿಂದ ತನ್ನ ಕಾಲು ನೋಡಿಕೊಂಡಳು. "ಯಾವ ಡಿಸ್ಚಾರ್ಜಮ್ಮಾ? ಮೊನ್ನೆ ಡಾಕ್ಟ್ರು ಕೀವು ನೋಡಿ, ಡಿಸ್ಚಾರ್ಜ್ ಇನ್ನೂ ಐತೆ ಅಂದ್ರಲ್ಲ. ಅದಾ?"

"ಇಲ್ಲಜ್ಜಿ, ಅದು ನಿಂತಿದೆ. ಇದು ಮನೆಗೆ ಹೋಗೋದು."

ನರ್ಸ್ ಹೋದಳು. ಮಂಗಮ್ಮ ಮುನೀಂದ್ರನ ಕಡೆ ತಿರುಗಿ ನೋಡಿದಳು. ಚೀಟಿಯ ಆ ಪದದ ಅರ್ಥ ಆಕೆಗೆ ಎಷ್ಟು ದಿನದಿಂದ ಗೊತ್ತಿತ್ತೋ ಅವನಿಗೆ ತಿಳಿಯಲಿಲ್ಲ.

"ಅತ್ತೆ," ಎಂದ. ಸೊಣ್ಣಪ್ಪನೂ ಅಲ್ಲೇ ಕೂತಿದ್ದ. "ಅವತ್ತಿನ ಚೀಟೀಲಿ ಬರ್ದಿದ್ದು ಕೀವಿನ ವಿಷ್ಯ. ನಂಗೆ ಗೊತ್ತಾಗ್ಲಿಲ್ಲ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ಆಮೇಲೆ ಬುಧವಾರ ಗೊತ್ತಾಯ್ತು. ಆದ್ರೂ ಶುಕ್ರವಾರದ ತನಕ ಬಾಯಿ ಬಿಡ್ಲಿಲ್ಲ."

ಸೊಣ್ಣಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋದ.

"ಓದಕ್ಕೆ ಬರ್ದೇ ಇರೋದು ತೆಪ್ಪೇನಪ್ಪ? ನಂಗೂ ಬರಲ್ಲ," ಎಂದಳು ಮಂಗಮ್ಮ. "ಅವತ್ತು ನಾನ್ ಕೇಳ್ದೆ. ಸೇರಿಸ್ಕೊಂಡೇ ಇಲ್ವಲ್ಲ ಅಂತ ಕೇಳ್ದೆ. ನೀನು ಎಲ್ರನ್ನೂ ನನ್ ಮೇಲೆ ನಗ್ಸಿದೆ. ಅವತ್ತಿಂದ ಕಾಲು ನೋಡ್ಕೊಂಡಾಗೆಲ್ಲಾ, ಇನ್ನೊಂದು ಸಲ ಕೇಳಿದ್ರೆ ಇನ್ನೊಂದು ಸಲ ನಗ್ತಾರೆ ಅಂತ ಸುಮ್ಕಿದ್ದೆ."

ಅವನು ತಲೆ ತಗ್ಗಿಸಿದ. ಆಕೆಯ ಬಾಯಿ ಕಟ್ಟಿದ್ದೂ ತನ್ನ ನಗುವೇ ಎಂಬುದು ಅಲ್ಲಿಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ.

ಸುಮಲತಳಿಗೆ ಅವತ್ತೇ ಹೇಳಿದ, ಪಿಯುಸಿಯ ಸಂಗತಿಯನ್ನೂ ಸೇರಿಸಿ. ಅವಳು ಊಟಕ್ಕೆ ತಟ್ಟೆ ಹಾಕಿದಳು. ಮರುದಿನ ಡೈರಿಯ ಮುಂದೆ ಜನ ಸೇರಿದ್ದಾಗ ಅಲ್ಲಿಯೂ ಹೇಳಿದ. ಅರ್ಧದಲ್ಲಿ ಮಾತು ತಪ್ಪಿತು, ಆದರೂ ಮುಗಿಸಿದ. ಯಾರೂ ನಗಲಿಲ್ಲ. ಮುನಿಸ್ವಾಮಪ್ಪ ಎಂಬ ಹಿರಿಯ, "ಹಂಗಾರೆ ನನ್ನ ಜಮೀನಿನ ನೋಟೀಸು?" ಎಂದು ಕೇಳಿದ. "ಅದೂ ಊಹೆನೇ ಮಾಮ. ಗೊತ್ತಿರೋರ ಹತ್ರ ಓಗೋಣ, ನಾನೂ ಬತ್ತೀನಿ," ಎಂದ ಮುನೀಂದ್ರ. ಜನ ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಹೋದರು. ಆ ಮೇಲೆ ಎಷ್ಟೋ ದಿನ ಅವನ ಮನೆಗೆ ಯಾರೂ ಕಾಗದ ತರಲಿಲ್ಲ.

ಸೊಣ್ಣಪ್ಪ ಅವನ ಜೊತೆ ಮಾತು ಬಿಟ್ಟ. ಆದರೆ ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಮಂಗಮ್ಮನನ್ನು ಕರೆದೊಯ್ಯಲು ಮುನೀಂದ್ರ ಬೈಕು ತಂದು ನಿಲ್ಲಿಸಿದಾಗ ಬೇಡ ಅನ್ನಲಿಲ್ಲ. ಹೆಂಡತಿಯ ತೋಳು ಹಿಡಿದು ಹತ್ತಿಸಿ, ಅವನ ಮುಖ ನೋಡದೆ ಒಳಗೆ ಹೋಗುತ್ತಿದ್ದ.

ಒಂದು ದಿನ ಡ್ರೆಸ್ಸಿಂಗ್ ಮಾಡುವ ನರ್ಸ್ ಹೊಸ ಚೀಟಿಯನ್ನು ಮುನೀಂದ್ರನ ಕೈಗಿತ್ತು, "ಇದರಲ್ಲಿ ಬರೆದಿದೆ ನೋಡಿ, ಹಂಗೇ ಮಾಡಿ," ಎಂದಳು. ಚೀಟಿಯ ಹಿಂಬದಿಯಲ್ಲಿ ಇಂಗ್ಲಿಷಿನ ಉದ್ದನೆಯ ಸಾಲುಗಳು.

"ನಂಗೆ ಓದಕ್ಕೆ ಬರಲ್ಲಮ್ಮ," ಎಂದ. "ಕನ್ನಡದಲ್ಲಿ ಬಿಡಿಸಿ ಯೋಳಿ. ಇವ್ರಿಗೂ ಕೇಳ್ಬೇಕು."

ನರ್ಸ್ ಒಂದೊಂದೇ ಹೇಳಿದಳು. ಮಂಗಮ್ಮ ನಡುವೆ ತಡೆದು ಎರಡು ಪ್ರಶ್ನೆ ಕೇಳಿದಳು. ಎರಡಕ್ಕೂ ಉತ್ತರ ಬರುವ ತನಕ ಅವನು ಅಲ್ಲೇ ನಿಂತಿದ್ದ.